ಧ್ವನಿಮುದ್ರಿತ ಸಂದರ್ಶನದಲ್ಲಿ ಪ್ರಶ್ನೆಯ ಸ್ಥಾನ: ಕುದುರೆಮುಖ ಸೀಮೆಯ ನಿದರ್ಶನದಿಂದ ಒಂದು ವಿಮರ್ಶೆ

ಇತಿಹಾಸದ ಅಭ್ಯಾಸಿಗಳಾದ ನಮಗೆ ಆಧಾರಗಳೆಂದರೆ ಶಿಲಾಶಾಸನ, ತಾಮ್ರಪಟ, ಓಲೆಯ ಕಟ್ಟು, ಸರ್ಕಾರದ ಕಾಗದಪತ್ರ ಎಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಬದುಕಿರುವ ಮನುಷ್ಯನ ಬಾಯಿಮಾತಿಗೆ ಈ ಪಂಕ್ತಿಯಲ್ಲಿ ಸ್ಥಾನ ದೊರೆತರೂ ಅದು ಕೊನೆಯ ಎಲೆಯೇ ಸರಿ. ಈಚಿನ ವರ್ಷಗಳಲ್ಲಿ ಈ ಸ್ಥಿತಿ ಬದಲಾಗಿರುವುದು ಸಂತೋಷದ ಸಂಗತಿ. ಮೊಬೈಲ್ ಫೋನು ಕೈಗೆ ಬಂದ ಮೇಲೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಹಿರಿಯರ ಮಾತನ್ನು ಧ್ವನಿಮುದ್ರಿಸಿಕೊಂಡು ಬರಲು ಶಕ್ತನಾಗಿದ್ದಾನೆ. ಸ್ನಾತಕೋತ್ತರ ತರಗತಿಗಳ ಕಿರುಪ್ರಬಂಧಗಳ ಕೊನೆಯಲ್ಲಿ ‘ವ್ಯಕ್ತಿಗತ ಸಂದರ್ಶನಗಳು’ ಎಂಬ ಅನುಬಂಧ ಈಗ ಸಾಮಾನ್ಯವಾಗಿ ಕಂಡುಬರುತ್ತದೆ.

ಬಳಕೆ ಹೆಚ್ಚಿದಂತೆ ಪರೀಕ್ಷೆ ಹೆಚ್ಚಲಿಲ್ಲವೆಂಬುದೇ ನಮ್ಮ ಆಕ್ಷೇಪ. ಶಾಸನವೊಂದು ದೊರೆತಾಗ ಅದರ ಲಿಪಿ ಯಾವ ಕಾಲದ್ದು, ಹೇಳಿರುವ ತಿಥಿವಾರಗಳು ಕೂಡುತ್ತವೆಯೆ, ಅದು ಕೂಟಶಾಸನವಾಗಿರಬಹುದೆ ಎಂದು ನಾವು ನೂರು ಸಲ ನೋಡುತ್ತೇವೆ. ಧ್ವನಿಮುದ್ರಿತ ಸಂದರ್ಶನದ ವಿಷಯದಲ್ಲಾದರೋ ಎರಡೇ ಮಾರ್ಗಗಳು ರೂಢಿಯಲ್ಲಿವೆ: ‘ಅನುಭವಿಸಿದವರೇ ಹೇಳಿದ್ದಾರೆ’ ಎಂದು ಎಲ್ಲವನ್ನೂ ಒಪ್ಪಿಬಿಡುವುದು, ಇಲ್ಲವೆ ‘ಮುದುಕರ ನೆನಪು’ ಎಂದು ಎಲ್ಲವನ್ನೂ ತಳ್ಳಿಬಿಡುವುದು. ಎರಡರಲ್ಲಿಯೂ ವಿಮರ್ಶೆಗೆ ಅವಕಾಶವಿಲ್ಲ. ವಿಮರ್ಶೆ ಆರಂಭವಾಗಬೇಕಾದುದು ಎಲ್ಲಿಂದ ಎಂಬುದನ್ನು ಪ್ರಕೃತ ಲೇಖನದಲ್ಲಿ ನಿರೂಪಿಸಲೆತ್ನಿಸಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಸಂದರ್ಶನವೆಂಬುದು ಒಬ್ಬರ ಹೇಳಿಕೆಯಲ್ಲ, ಇಬ್ಬರ ಸಂಭಾಷಣೆ. ಕೇಳಿದವನ ಪ್ರಶ್ನೆಯನ್ನು ಅಳಿಸಿ ಹೇಳಿದವರ ಉತ್ತರವನ್ನು ಮಾತ್ರ ಉಳಿಸಿಕೊಂಡ ಸಂದರ್ಶನ ಅರ್ಧ ಒಡೆದ ಶಾಸನಕ್ಕೆ ಸಮಾನ. ಅದೂ ನಾವೇ ಕೈಯಾರೆ ಒಡೆದ ಶಾಸನ.

೧

ನಿದರ್ಶನಕ್ಕಾಗಿ ಕುದುರೆಮುಖ, ಕಳಸ, ಮೂಡಿಗೆರೆಗಳ ಮಲೆಸೀಮೆಯನ್ನು ಆಯ್ದುಕೊಂಡಿದ್ದೇವೆ. ಅದಕ್ಕೆ ಕಾರಣವುಂಟು. ಈ ಸೀಮೆಯ ಬಗೆಗೆ ಲಿಖಿತ ಆಧಾರಗಳ ಕೊರತೆಯೇನೂ ಇಲ್ಲ. ಕಾಫಿ ಬೆಳೆಯ ವಿಷಯಕ್ಕೆ ೧೮೯೩ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ತೋಟಗಾರರ ಸಂಯುಕ್ತ ಸಂಘದ ದಾಖಲೆಗಳಿವೆ. ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಕಾಫಿ ಸಂಶೋಧನ ಕೇಂದ್ರದ ವರದಿಗಳಿವೆ. ೧೯೪೨ರ ಕಾಫಿ ಅಧಿನಿಯಮದ ತರುವಾಯ ಕಾಫಿ ಮಂಡಲಿಯ ಕಡತಗಳಿವೆ. ಕಬ್ಬಿಣದ ಅದಿರಿನ ವಿಷಯಕ್ಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ಯರು ನಡೆಸಿದ ಶೋಧನೆಯಿಂದ ಮೊದಲ್ಗೊಂಡು, ೧೯೭೫ರ ಇರಾನ್ ಒಪ್ಪಂದ, ೧೯೭೬ರಲ್ಲಿ ಕುದುರೆಮುಖ ಕಬ್ಬಿಣದ ಅದಿರಿನ ಕಂಪನಿಯ ಸ್ಥಾಪನೆ, ಲಕ್ಯಾ ಅಣೆಕಟ್ಟು, ಮಂಗಳೂರಿನವರೆಗೆ ಹಾಸಿದ ಸುಮಾರು ೬೭ ಕಿಲೋಮೀಟರಿನ ಕೊಳವೆಮಾರ್ಗ ಇವೆಲ್ಲಕ್ಕೂ ಕಾಗದವಿದೆ. ಅರಣ್ಯದ ವಿಷಯಕ್ಕೆ ೧೯೮೭ರ ಮೊದಲ ಪ್ರಕಟಣೆ, ೨೦೦೧ರ ರಾಷ್ಟ್ರೀಯ ಉದ್ಯಾನದ ಅಂತಿಮ ಘೋಷಣೆ, ೨೦೦೨ರ ಅಕ್ಟೋಬರ್ ೩೦ರಂದು ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪು ಇವೆಲ್ಲವೂ ದೊರೆಯುತ್ತವೆ.

ಆದರೆ ಈ ಕಾಗದಗಳನ್ನು ಬರೆದವರು ಯಾರು? ತೋಟದ ಒಡೆಯರು, ಕಂಪನಿಯ ಅಧಿಕಾರಿಗಳು, ಸರ್ಕಾರದ ಇಲಾಖೆಗಳು, ವಕೀಲರು. ಕಾಫಿ ಕೊಯ್ದ ಹೆಂಗಸು ಈ ರಾಶಿಯಲ್ಲಿ ಕಾಣಿಸಿಕೊಳ್ಳುವುದು ಹಾಜರಿ ಪುಸ್ತಕದ ಒಂದು ಸಾಲಿನಲ್ಲಿ: ಎಡಕ್ಕೆ ಹೆಸರು, ಬಲಕ್ಕೆ ಹೆಬ್ಬೆಟ್ಟಿನ ಗುರುತು. ೧೯೫೧ರ ತೋಟ ಕಾರ್ಮಿಕರ ಅಧಿನಿಯಮ ಆಕೆಗೆ ಮನೆ, ನೀರು, ಔಷಧೋಪಚಾರ, ರಜೆಗಳನ್ನು ವಿಧಿಸಿತು. ಅವು ಆಕೆಗೆ ಎಷ್ಟರಮಟ್ಟಿಗೆ ದೊರೆತುವು ಎಂಬುದನ್ನು ಅಧಿನಿಯಮದ ಪುಸ್ತಕದಿಂದ ತಿಳಿಯಲಾಗದು. ಅದಿರಿನ ಗಣಿ ೨೦೦೫ರ ಡಿಸೆಂಬರ್ ೩೧ಕ್ಕೆ ನಿಂತಿತು. ಕಂಪನಿಯ ಊರಾದ ಮಲ್ಲೇಶ್ವರದಿಂದ ಸಂಸಾರಗಳು ಒಂದೊಂದಾಗಿ ಹೊರಟುಹೋದುವು. ಆ ಊರನ್ನು ಬಲ್ಲವರು ಇಂದು ಹತ್ತು ಊರುಗಳಲ್ಲಿ ಚದರಿದ್ದಾರೆ. ಗಣಿಯ ಆರಂಭವನ್ನು ಕಂಡವರಿಗೆ ವಯಸ್ಸಾಗಿದೆ. ಇವರ ಮಾತನ್ನು ಈಗ ಹಿಡಿದಿಟ್ಟುಕೊಳ್ಳದಿದ್ದರೆ ಈ ಸೀಮೆಯ ಇತಿಹಾಸ ಕಾಗದ ಬರೆದವರ ಇತಿಹಾಸವಾಗಿಯೇ ಉಳಿಯುವುದರಲ್ಲಿ ಸಂದೇಹವಿಲ್ಲ. ಆದುದರಿಂದ ಧ್ವನಿಮುದ್ರಣ ಬೇಕೆ ಬೇಡವೆ ಎಂಬುದು ಚರ್ಚೆಯ ವಿಷಯವಲ್ಲ; ಅದು ಹೇಗಿರಬೇಕೆಂಬುದೇ ಚರ್ಚೆಯ ವಿಷಯ.

೨

ಹಿರಿಯರನ್ನು ಕೇಳಿ ಬರೆದುಕೊಳ್ಳುವ ಪದ್ಧತಿ ಕನ್ನಡನಾಡಿಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕರ್ನಲ್ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಮೋಜಣಿಯನ್ನು ನಡೆಸುತ್ತಿದ್ದಾಗ ಕಾವಲಿ ಸಹೋದರರೇ ಮೊದಲಾದ ಅವನ ಸಹಾಯಕರು ಊರೂರಿನ ಶಾನುಭಾಗರನ್ನೂ ಪಟೇಲರನ್ನೂ ಅರ್ಚಕರನ್ನೂ ಕಂಡು, ಅವರು ಹೇಳಿದುದನ್ನು ಬರೆಸಿ ತಂದರು. ಇವೇ ಕೈಫಿಯತ್ತುಗಳು. ಕರ್ನಾಟಕದ ಸ್ಥಳಚರಿತ್ರೆಯನ್ನು ಬರೆಯುವವರು ಇವುಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅದೇ ಕಾಲದಲ್ಲಿ, ೧೮೦೦ ಮತ್ತು ೧೮೦೧ರಲ್ಲಿ, ಫ್ರಾನ್ಸಿಸ್ ಬುಕನನ್ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿ, ರೈತರನ್ನೂ ವರ್ತಕರನ್ನೂ ಪ್ರಶ್ನಿಸಿ ತಿಳಿದುದನ್ನು ೧೮೦೭ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದನು.

ಈ ಬರಹಗಳನ್ನು ಉಪಯೋಗಿಸುವಾಗ ನಮಗೆ ಪದೇ ಪದೇ ಎದುರಾಗುವ ತೊಡಕು ಯಾವುದು? ಉತ್ತರ ಉಳಿದಿದೆ, ಪ್ರಶ್ನೆ ಉಳಿದಿಲ್ಲ. ಕೈಫಿಯತ್ತಿನಲ್ಲಿ ಊರಿನ ದೇವಸ್ಥಾನಕ್ಕೆ ಇಂಥ ಅರಸು ಇಷ್ಟು ಭೂಮಿಯನ್ನು ಬಿಟ್ಟನೆಂದು ಹೇಳಿದೆ. ಹೊಸ ಸರ್ಕಾರದ ಮನುಷ್ಯ ಬಂದು ‘ನಿಮ್ಮ ಊರಿನ ಮಾನ್ಯಗಳೆಷ್ಟು?’ ಎಂದು ಕೇಳಿದ್ದಕ್ಕೆ ಬಂದ ಉತ್ತರವೆ ಇದು? ಅಥವಾ ‘ನಿಮ್ಮ ಊರಿನ ಕಥೆಯೇನು?’ ಎಂದು ಕೇಳಿದ್ದಕ್ಕೆ ತಾನಾಗಿ ಬಂದ ಮಾತೆ? ಮೊದಲನೆಯದಾದರೆ ಹೇಳಿದವನಿಗೆ ತನ್ನ ಮಾನ್ಯವನ್ನು ಉಳಿಸಿಕೊಳ್ಳುವ ಚಿಂತೆಯಿದ್ದಿರಬೇಕು. ಎರಡನೆಯದಾದರೆ ಊರಿನ ಹೆಮ್ಮೆಯಿದ್ದಿರಬೇಕು. ಒಂದೇ ವಾಕ್ಯಕ್ಕೆ ಎರಡು ತೂಕ. ಯಾವ ತೂಕವೆಂದು ನಿರ್ಣಯಿಸುವ ಸಾಧನ ನಮ್ಮ ಕೈಯಲ್ಲಿಲ್ಲ. ಬರೆದುಕೊಂಡವನನ್ನು ಇದಕ್ಕಾಗಿ ದೂಷಿಸುವಂತಿಲ್ಲ. ಲೇಖಣಿ ಮಾತಿನ ವೇಗಕ್ಕೆ ಓಡಲಾರದು, ಸಾರವನ್ನಷ್ಟೇ ಹಿಡಿಯಬಲ್ಲುದು.

ಧ್ವನಿಮುದ್ರಣದ ಹಿರಿಮೆ ಇರುವುದು ಇಲ್ಲಿಯೇ. ಪ್ರಶ್ನೆಯನ್ನೂ ಉತ್ತರವನ್ನೂ, ಅವೆರಡರ ನಡುವಣ ಮೌನವನ್ನೂ ಅದು ಏಕಪ್ರಕಾರವಾಗಿ ಹಿಡಿಯುತ್ತದೆ. ಮೆಕೆಂಜಿಯ ಸಹಾಯಕರಿಗೆ ದೊರೆಯದ ಈ ಸೌಕರ್ಯ ನಮಗೆ ದೊರೆತಿದ್ದರೂ, ಬರಹಕ್ಕಿಳಿಸುವಾಗ ನಾವು ಪ್ರಶ್ನೆಗಳನ್ನು ಕತ್ತರಿಸಿ, ಉತ್ತರಗಳನ್ನು ಒಂದಕ್ಕೊಂದು ಹೊಲಿದು, ಅಖಂಡವಾದ ‘ಆತ್ಮಕಥನ’ವನ್ನು ಸಿದ್ಧಪಡಿಸುತ್ತೇವೆ. ಅಂದರೆ, ಹೊಸ ಯಂತ್ರದಿಂದ ಹಳೆಯ ಕೈಫಿಯತ್ತನ್ನೇ ತಯಾರಿಸುತ್ತಿದ್ದೇವೆ.

೩

ಪರರ ದೋಷವನ್ನು ಎಣಿಸುವ ಮೊದಲು ನಮ್ಮದನ್ನು ಹೇಳಿಕೊಳ್ಳುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ಕಳಸದ ಕಡೆಯ ಒಂದು ಕಾಫಿ ತೋಟದ ಲೈನಿನಲ್ಲಿ ಎಪ್ಪತ್ತು ದಾಟಿದ ಒಬ್ಬ ವೃದ್ಧೆಯ ಮಾತನ್ನು ಧ್ವನಿಮುದ್ರಿಸಲು ಹೋಗಿದ್ದೆವು. ಆಕೆ ಚಿಕ್ಕಂದಿನಲ್ಲಿಯೇ ತಂದೆತಾಯಿಗಳೊಡನೆ ಘಟ್ಟದ ಕೆಳಗಿನಿಂದ ಬಂದವರು, ಮನೆಮಾತು ತುಳು. ತೋಟದ ರೈಟರು ತಾವೇ ಕುರ್ಚಿ ತರಿಸಿ ಹಾಕಿಸಿ, ತಾವೂ ಪಕ್ಕದಲ್ಲಿ ಕುಳಿತರು. ಜುಲೈ ತಿಂಗಳು, ತಗಡಿನ ಮಾಡಿನ ಮೇಲೆ ಮಳೆ ಬಡಿಯುತ್ತಿತ್ತು. ನಮ್ಮ ಮೊದಲ ಪ್ರಶ್ನೆ ಹೀಗಿತ್ತು: “ಆ ಕಾಲದಲ್ಲಿ ತೋಟದ ಕೆಲಸ ಬಹಳ ಕಷ್ಟದ್ದಾಗಿತ್ತು, ಕೂಲಿ ಸಾಲುತ್ತಿರಲಿಲ್ಲ, ಅಲ್ಲವೆ ಅಜ್ಜಿ?” ಆಕೆ ರೈಟರ ಮುಖವನ್ನೊಮ್ಮೆ ನೋಡಿ, “ಹೌದು ಮೇಷ್ಟ್ರೇ” ಎಂದರು. ನಲವತ್ತು ನಿಮಿಷಗಳ ಮುದ್ರಣದಲ್ಲಿ ಆಕೆಯ ಉತ್ತರಗಳಲ್ಲಿ ಹೆಚ್ಚಿನವು ‘ಹೌದು’, ‘ಅಲ್ಲ’, ‘ಎಂತ ಹೇಳುದು’ ಎಂಬ ಮೂರರಲ್ಲಿ ಮುಗಿದುವು.

ಹಿಂದಿರುಗಿ ಬರಹಕ್ಕಿಳಿಸುವಾಗ ನಾವು ಬರೆದ ವಾಕ್ಯ: “ತೋಟದ ಕೆಲಸ ಬಹಳ ಕಷ್ಟದ್ದಾಗಿತ್ತು, ಕೂಲಿ ಸಾಲುತ್ತಿರಲಿಲ್ಲ, ಎಂದು ವೃದ್ಧ ಕಾರ್ಮಿಕ ಮಹಿಳೆಯೊಬ್ಬರು ತಿಳಿಸಿದರು.” ವಾಚಕರು ಗಮನಿಸಬೇಕು. ಈ ವಾಕ್ಯದ ಒಂದು ಶಬ್ದವಾದರೂ ಆಕೆಯದಲ್ಲ. ಆಕೆ ನುಡಿದುದು ‘ಹೌದು’ ಎಂದಷ್ಟೆ; ಉಳಿದುದೆಲ್ಲ ನಮ್ಮದು. ನಮ್ಮ ಮಾತನ್ನೇ ಆಕೆಯ ಬಾಯಿಂದ ಹೊರಡಿಸಿ, ಅದನ್ನು ಆಧಾರವೆಂದು ಉಲ್ಲೇಖಿಸಿದ್ದೆವು. ನ್ಯಾಯಾಲಯಗಳಲ್ಲಿ, ತನ್ನ ಪಕ್ಷದ ಸಾಕ್ಷಿಗೆ ಉತ್ತರವನ್ನು ಸೂಚಿಸುವ ಪ್ರಶ್ನೆಯನ್ನು ವಕೀಲನು ಸಾಮಾನ್ಯವಾಗಿ ಹಾಕಕೂಡದೆಂಬ ನಿಯಮ ೧೮೭೨ರ ಸಾಕ್ಷ್ಯ ಅಧಿನಿಯಮದಲ್ಲಿಯೇ ಇತ್ತು. ಅದರ ಸ್ಥಾನದಲ್ಲಿ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಹೊಸ ಅಧಿನಿಯಮದಲ್ಲಿಯೂ ಇದೆ. ವಕೀಲನಿಗಿರುವಷ್ಟು ಸಂಯಮ ಇತಿಹಾಸದ ಅಧ್ಯಾಪಕರಿಗೆ ಇರಲಿಲ್ಲವೆಂದು ಒಪ್ಪಿಕೊಳ್ಳಬೇಕಾಗಿದೆ.

ಮುಂದೆ ಕೊಯ್ಲು ಮುಗಿದ ಮೇಲೆ, ಮಳೆಯಿಲ್ಲದ ಒಂದು ಭಾನುವಾರ, ರೈಟರಿಲ್ಲದ ಹೊತ್ತಿನಲ್ಲಿ ಮತ್ತೆ ಹೋದೆವು. ಈ ಸಲ ಕೇಳಿದುದು ಇಷ್ಟೆ: “ತೋಟಕ್ಕೆ ಬಂದ ಹೊಸದರಲ್ಲಿ ಬೆಳಗ್ಗೆ ಎದ್ದು ಏನೇನು ಮಾಡುತ್ತಿದ್ದಿರಿ, ಹೇಳಿ ಅಜ್ಜಿ.” ಆಕೆ ತಡೆಯಿಲ್ಲದೆ ಇಪ್ಪತ್ತು ನಿಮಿಷ ಮಾತನಾಡಿದರು. ಕತ್ತಲಿರುವಾಗಲೇ ಹೊಡೆಯುವ ತೋಟದ ಗಂಟೆ, ಹಾಜರಿಗೆ ತಡವಾದರೆ ಮೇಸ್ತ್ರಿ ಹಿಂದಕ್ಕೆ ಕಳುಹಿಸುತ್ತಿದ್ದುದು, ಗೊರಬಿನ ಕೆಳಗೆ ಬೆನ್ನಿಗೆ ಕಟ್ಟಿಕೊಂಡ ತಮ್ಮ, ಕಾಲಿಗೆ ಹತ್ತಿದ ಇಂಬಳಕ್ಕೆ ಸುಣ್ಣ ಹಚ್ಚುತ್ತಿದ್ದುದು ಎಲ್ಲವೂ ಬಂದುವು. ‘ಕಷ್ಟ’ ಎಂಬ ಮಾತು ಮಾತ್ರ ಒಮ್ಮೆಯೂ ಬರಲಿಲ್ಲ. ಕಷ್ಟವಿರಲಿಲ್ಲವೆಂದು ಇದರ ಅರ್ಥವಲ್ಲ. ಆ ಕಷ್ಟಕ್ಕೆ ಆಕೆಯ ಬಳಿ ತನ್ನದೇ ಆದ ಹೆಸರುಗಳಿದ್ದುವು. ಮೊದಲನೆಯ ಸಂದರ್ಶನದಲ್ಲಿ ನಾವು ಆಕೆಗೆ ಆ ಹೆಸರುಗಳನ್ನು ಹೇಳಲು ಎಡೆಗೊಟ್ಟಿರಲಿಲ್ಲ.

ಎರಡೂ ಮುದ್ರಣಗಳು ನಮ್ಮಲ್ಲಿವೆ. ಕೆಟ್ಟುಹೋದ ಮೊದಲನೆಯದನ್ನೂ ಅಳಿಸಿಲ್ಲ. ರೈಟರ ಎದುರಿಗೆ ಆಕೆ ಹೇಗೆ ಮಾತನಾಡಿದರು ಎಂಬುದಕ್ಕೆ ಅದೇ ಸಾಕ್ಷಿ; ತೋಟದ ಬಾಳಿನ ಇತಿಹಾಸದಲ್ಲಿ ಅದೂ ಒಂದು ಸಂಗತಿ.

೪

ಕಾಲನಿರ್ಣಯದ ವಿಷಯಕ್ಕೆ ಬರೋಣ. ಬಾಯಿಮಾತಿನ ಆಧಾರವನ್ನು ತಳ್ಳಿಹಾಕುವವರು ಮುಖ್ಯವಾಗಿ ತೋರಿಸುವ ಕೊರತೆಯೆಂದರೆ ಇಸವಿಯ ತಪ್ಪು. ಈ ಸೀಮೆಯ ಹಿರಿಯರು ಇಸವಿಯನ್ನು ಹೇಳುವುದು ಅಪೂರ್ವ. “ಇಂದಿರಾ ಗಾಂಧಿ ಓಟಿಗೆ ನಿಂತ ವರ್ಷ ನನ್ನ ಎರಡನೇ ಮಗ ಹುಟ್ಟಿದ್ದು” ಎನ್ನುತ್ತಾರೆ. ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಆ ಉಪಚುನಾವಣೆ ೧೯೭೮ರ ನವೆಂಬರ್‌ನಲ್ಲಿ ನಡೆಯಿತೆಂಬುದು ಸರ್ವವಿದಿತವಾದುದರಿಂದ ಇದು ಬಹಳ ಒಳ್ಳೆಯ ಕಾಲಸೂಚನೆ. ಆದರೆ ಅದೇ ವೃದ್ಧೆ “ಹೆಬ್ಬಾಳೆ ಸೇತುವೆ ಮುಳುಗಿದ ವರ್ಷ” ಎಂದರೆ ಸಂಶೋಧಕ ಕೈಚೆಲ್ಲಬೇಕಾಗುತ್ತದೆ. ಕಳಸ-ಹೊರನಾಡುಗಳ ನಡುವೆ ಭದ್ರೆಯ ಮೇಲಿನ ಆ ತಗ್ಗು ಸೇತುವೆ ಮುಳುಗದ ಮಳೆಗಾಲವನ್ನು ಹುಡುಕುವುದೇ ಸುಲಭ! ಇಂಥಲ್ಲಿ “ಆಗ ನಿಮ್ಮ ಮಗ ಶಾಲೆಗೆ ಹೋಗುತ್ತಿದ್ದನೆ?” ಎಂದು ಮರುಪ್ರಶ್ನೆ ಹಾಕಿ, ತಿಳಿದ ಘಟನೆಗೆ ತಿಳಿಯದುದನ್ನು ಗಂಟುಹಾಕಬೇಕು.

ಇಸವಿಯ ತಪ್ಪೂ ಕೆಲವೊಮ್ಮೆ ಆಧಾರವಾಗಬಲ್ಲುದೆಂಬುದನ್ನು ಇಟಲಿಯ ವಿದ್ವಾಂಸ ಅಲೆಸ್ಸಾಂದ್ರೋ ಪೋರ್ತೆಲ್ಲಿ ತೋರಿಸಿಕೊಟ್ಟಿದ್ದಾರೆ. ಉಕ್ಕಿನ ಕಾರ್ಖಾನೆಯ ಊರಾದ ತೆರ್ನಿಯಲ್ಲಿ ಲುಯಿಜಿ ತ್ರಾಸ್ತುಲ್ಲಿ ಎಂಬ ತರುಣ ಕಾರ್ಮಿಕ ಪೊಲೀಸರ ಗುಂಡಿಗೆ ಬಲಿಯಾದುದು ೧೯೪೯ರಲ್ಲಿ. ಆದರೆ ಅನೇಕ ಕಾರ್ಮಿಕರು ಆ ಸಾವನ್ನು ೧೯೫೩ರಲ್ಲಿ, ಕಾರ್ಖಾನೆಯಿಂದ ಸಾಮೂಹಿಕವಾಗಿ ಕೆಲಸಗಾರರನ್ನು ತೆಗೆದುಹಾಕಿದ ಸಂದರ್ಭದಲ್ಲಿ ನಡೆದುದೆಂದು ನೆನೆಯುತ್ತಿದ್ದರು. ಜ್ಞಾಪಕಶಕ್ತಿ ಕುಂದಿದ್ದು ಇದಕ್ಕೆ ಕಾರಣವಲ್ಲ. ಆ ಸಾವಿಗೆ ತಕ್ಕ ಅರ್ಥ ಕೊಡುವ ಸ್ಥಾನಕ್ಕೆ ಊರಿನ ಸ್ಮೃತಿ ಅದನ್ನು ಸರಿಸಿತ್ತು ಎಂಬುದು ಪೋರ್ತೆಲ್ಲಿಯವರ ನಿರ್ಣಯ.

ಈ ನಿರ್ಣಯದಿಂದ ಪ್ರಭಾವಿತನಾದ ಒಬ್ಬ ವಿದ್ಯಾರ್ಥಿ, ಕುದುರೆಮುಖದ ಗಣಿಯಲ್ಲಿ ದುಡಿದು ನಿವೃತ್ತರಾದವರೊಬ್ಬರ ಸಂದರ್ಶನವನ್ನು ನಮ್ಮೆದುರಿಗೆ ತಂದನು. ಬರಹರೂಪದಲ್ಲಿ ಹೀಗಿತ್ತು: “ಕೋರ್ಟಿನ ತೀರ್ಪು ಬಂದು ಗಣಿ ನಿಂತಾಗ ನಮಗೆಲ್ಲ ದಿಕ್ಕೇ ತೋಚಲಿಲ್ಲ. ಅವತ್ತೇ ಊರು ಸತ್ತ ಹಾಗಾಯಿತು.” ವಾಸ್ತವದಲ್ಲಿ ತೀರ್ಪು ಬಂದುದು ೨೦೦೨ರ ಅಕ್ಟೋಬರ್‌ನಲ್ಲಿ, ಗಣಿಗಾರಿಕೆಗೆ ೧೯೬೯ರಲ್ಲಿ ಕೊಟ್ಟಿದ್ದ ಗುತ್ತಿಗೆ ೧೯೯೯ರಲ್ಲಿಯೇ ಮುಗಿದಿದ್ದರೂ, ೨೦೦೫ರ ಕೊನೆಯವರೆಗೆ ಕೆಲಸ ಮುಂದುವರಿಸಲು ಆ ತೀರ್ಪು ಅವಕಾಶವಿತ್ತಿತ್ತು. ನಡುವೆ ಮೂರು ವರ್ಷ ಎರಡು ತಿಂಗಳ ಅಂತರ. ವಿದ್ಯಾರ್ಥಿಯ ವ್ಯಾಖ್ಯಾನ ಜಾಣತನದ್ದಾಗಿತ್ತು: ಕಾರ್ಮಿಕರ ಪಾಲಿಗೆ ತೀರ್ಪಿನ ದಿನವೇ ಗಣಿಯ ಅಂತ್ಯ, ಮುಂದಿನ ಮೂರು ವರ್ಷಗಳು ಲೆಕ್ಕಕ್ಕಿಲ್ಲ, ತೆರ್ನಿಯಲ್ಲಿ ನಡೆದುದೇ ಇಲ್ಲಿಯೂ ನಡೆದಿದೆ. ನಾವೂ ಅದನ್ನು ಮೆಚ್ಚಿಕೊಂಡೆವು.

ಬರಹವನ್ನು ಬಿಟ್ಟು ಮೂಲಮುದ್ರಣವನ್ನೇ ಆಲಿಸಿದಾಗ ಬೇರೆಯೇ ಸಂಗತಿ ಹೊರಬಿತ್ತು. ವಿದ್ಯಾರ್ಥಿ ಕೇಳಿದ್ದ ಪ್ರಶ್ನೆ: “ಕೋರ್ಟಿನ ತೀರ್ಪು ಬಂದು ಗಣಿ ನಿಂತಾಗ ನಿಮಗೆ ಏನನ್ನಿಸಿತು ಸರ್?” ಹಿರಿಯರು ತುಸು ಹೊತ್ತು ಸುಮ್ಮನಿದ್ದು, “ಎಂತ ಅನ್ನಿಸುದು, ದಿಕ್ಕೇ ತೋಚ್ಲಿಲ್ಲ. ಅವತ್ತೇ ಊರು ಸತ್ತ ಹಾಗೆ” ಎಂದಿದ್ದರು. ತೀರ್ಪನ್ನೂ ಗಣಿಯ ನಿಲುಗಡೆಯನ್ನೂ ಒಂದೇ ಉಸಿರಿನಲ್ಲಿ ಸೇರಿಸಿದವನು ಹೇಳಿದವರಲ್ಲ, ಕೇಳಿದವನು. ಇಪ್ಪತ್ತೈದು ನಿಮಿಷಗಳ ಅನಂತರ ಅದೇ ಮುದ್ರಣದಲ್ಲಿ ಆ ಹಿರಿಯರು, ತೀರ್ಪಿನ ಮೇಲೆ ಮೂರು ವರ್ಷ ಕೆಲಸ ನಡೆದುದನ್ನೂ, ಆ ಮೂರು ವರ್ಷ ಮನೆಮನೆಯಲ್ಲಿ ‘ಮುಂದೆಲ್ಲಿಗೆ?’ ಎಂಬ ಮಾತೇ ನಡೆಯುತ್ತಿದ್ದುದನ್ನೂ, ಮಕ್ಕಳ ಶಾಲೆಯ ಚಿಂತೆಯನ್ನೂ ಕ್ರಮವಾಗಿ ಹೇಳಿದ್ದರು. ಅವರ ನೆನಪಿನಲ್ಲಿ ಯಾವ ದೋಷವೂ ಇರಲಿಲ್ಲ. ‘ಅವತ್ತೇ’ ಎಂದರೆ ಯಾವತ್ತು ಎಂದು ಮರುಪ್ರಶ್ನೆ ಹಾಕಬೇಕಾಗಿತ್ತು, ಹಾಕಲಿಲ್ಲ.

ಇಟಲಿಯ ನಿದರ್ಶನ ಸುಳ್ಳೆಂದು ಇದರಿಂದ ಸಿದ್ಧವಾಗುವುದಿಲ್ಲ. ಅನೇಕರು ಸ್ವತಂತ್ರವಾಗಿ ಮಾಡಿದ ಒಂದೇ ತಪ್ಪಿಗೆ ಅಲ್ಲಿ ಅರ್ಥವುಂಟು. ಆದರೆ ಪ್ರಶ್ನೆಯಲ್ಲಿಯೇ ಹುಟ್ಟಿದ ತಪ್ಪನ್ನು ಜನಸ್ಮೃತಿಯ ಲಕ್ಷಣವೆಂದು ಬಣ್ಣಿಸಿದರೆ ಅದು ವಿದ್ವತ್ತಿನ ವೇಷ ತೊಟ್ಟ ಅಪಚಾರ. ಮೂಲಮುದ್ರಣ ಅಳಿದುಹೋಗಿ, ಪ್ರಶ್ನೆಯಿಲ್ಲದ ಬರಹವೊಂದೇ ಉಳಿದಿದ್ದರೆ ಈ ತಪ್ಪನ್ನು ಯಾರೂ ಎಂದೂ ಪತ್ತೆಹಚ್ಚಲಾಗುತ್ತಿರಲಿಲ್ಲವೆಂಬುದನ್ನು ವಾಚಕರು ಯೋಚಿಸಬೇಕು.

೫

ಈ ಅಪಾಯ ನಮ್ಮ ವಿದ್ಯಾರ್ಥಿಗಳಿಗಷ್ಟೇ ಮೀಸಲಾದುದಲ್ಲ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಲನ್ ನೆವಿನ್ಸ್ ೧೯೪೮ರಲ್ಲಿ ಆರಂಭಿಸಿದ ಸಂದರ್ಶನ ಕಾರ್ಯ ಇಂದಿಗೂ ಪ್ರಸಿದ್ಧವಾಗಿದೆ. ಅಲ್ಲಿಯೂ ಮೊದಲ ವರ್ಷಗಳಲ್ಲಿ ಬರಹರೂಪವೇ ನಿಜವಾದ ದಾಖಲೆಯೆಂದು ಭಾವಿಸಿ, ಬರೆದು ಮುಗಿದ ಮೇಲೆ ಟೇಪುಗಳನ್ನು ಅಳಿಸಿ ಮತ್ತೆ ಉಪಯೋಗಿಸುತ್ತಿದ್ದರು. ಆ ಧ್ವನಿಗಳು ಮರಳಿ ಬರುವಂತಿಲ್ಲ.

ಇದಕ್ಕೆ ವಿರುದ್ಧವಾದ ಒಳ್ಳೆಯ ಮಾದರಿ ಕುದುರೆಮುಖದ ಬೆಟ್ಟವಿಳಿದರೆ ಸಿಗುವ ಬೆಳ್ತಂಗಡಿ ಸೀಮೆಯಲ್ಲಿದೆ. ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಮತ್ತು ಅವರೊಡನೆ ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರು ೧೯೯೦ರ ಡಿಸೆಂಬರ್‌ನಲ್ಲಿ ಮುದ್ರಿಸಿಕೊಂಡರು. ೧೫,೬೮೩ ಸಾಲುಗಳ ಆ ಕಾವ್ಯ ೧೯೯೮ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. ಅದರೊಡನೆ, ಕಾವ್ಯವನ್ನು ಹೇಗೆ ಮುದ್ರಿಸಿಕೊಂಡು ಬರಹಕ್ಕಿಳಿಸಲಾಯಿತು ಎಂಬುದನ್ನು ವಿವರಿಸಲು ಹಾಂಕೊ ಪ್ರತ್ಯೇಕವಾಗಿ ಒಂದು ಸಂಪುಟವನ್ನೇ ಬರೆದರು. ಹಾಡು ಬೇರೆ, ಸಂದರ್ಶನ ಬೇರೆ ಎಂಬುದು ನಿಜ. ಆದರೆ ಸಂಗ್ರಹಿಸಿದ ಸಂದರ್ಭವನ್ನು ಸಂಗ್ರಹದಿಂದ ಬೇರ್ಪಡಿಸಬಾರದೆಂಬ ನಿಷ್ಠೆ ಎರಡಕ್ಕೂ ಸಮಾನವಾದುದು.

ಭಾಷೆಯ ವಿಷಯದಲ್ಲಿಯೂ ಒಂದು ಮಾತನ್ನು ಹೇಳಬೇಕು. ಕಾಫಿ ಸೀಮೆಯ ಲೈನುಗಳಲ್ಲಿ ಕನ್ನಡ, ತುಳು, ತಮಿಳು, ಕೊಂಕಣಿ ಒಂದರೊಡನೊಂದು ಬೆರೆತಿವೆ. ನಮ್ಮ ವೃದ್ಧೆ ಲೆಕ್ಕದ ಮಾತನ್ನು ಕನ್ನಡದಲ್ಲಿಯೂ, ಮೇಸ್ತ್ರಿಯ ಬೈಗುಳವನ್ನು ತಮಿಳಿನಲ್ಲಿಯೂ, ತಾಯಿಯ ಮಾತನ್ನು ತುಳುವಿನಲ್ಲಿಯೂ ಹೇಳಿದರು. ಭಾಷೆ ಬದಲಾದ ಕಡೆಯಲ್ಲೆಲ್ಲ ಯಾರು ಯಾರಿಗೆ ಹೇಳಿದ ಮಾತೆಂಬುದು ತಾನಾಗಿ ತಿಳಿಯುತ್ತಿತ್ತು. ವಿದ್ಯಾರ್ಥಿಗಳ ಬರಹದಲ್ಲಾದರೋ ಎಲ್ಲವೂ ಒಂದೇ ಪಠ್ಯಪುಸ್ತಕದ ಕನ್ನಡವಾಗಿ ಮಾರ್ಪಡುತ್ತದೆ. “ಹೊಟ್ಟೆಗೇ ಇರ್ಲಿಲ್ಲ ಮಾರಾಯ್ರೇ” ಎಂಬುದು “ಆರ್ಥಿಕ ಪರಿಸ್ಥಿತಿ ಶೋಚನೀಯವಾಗಿತ್ತು” ಎಂದಾದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಪ್ರಶ್ನೆಯನ್ನು ಅಳಿಸುವ ಕೈಯೇ ನುಡಿಯನ್ನೂ ಅಳಿಸುತ್ತದೆ.

೬

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಪ್ರಶ್ನೆ, ತಡವರಿಕೆ, ಮೌನ ಎಲ್ಲವನ್ನೂ ಉಳಿಸಿದರೆ ಬರಹ ಓದಲಸಾಧ್ಯವಾಗುವುದಿಲ್ಲವೆ? ಒಂದು ಗಂಟೆಯ ಮುದ್ರಣವನ್ನು ಯಥಾವತ್ತಾಗಿ ಬರೆಯಲು ನಮ್ಮ ಅನುಭವದಲ್ಲಿ ಆರೇಳು ಗಂಟೆ ಬೇಕು. ಅಷ್ಟು ಬಿಡುವು ಯಾವ ವಿದ್ಯಾರ್ಥಿಗಿದೆ? ಆಕ್ಷೇಪಣೆಯಲ್ಲಿ ಹುರುಳಿದೆ. ಪ್ರಕಟಿಸುವ ಲೇಖನದಲ್ಲಿ ಆಯ್ದ ಭಾಗಗಳನ್ನು ಮಾತ್ರ ಕೊಡುವುದಕ್ಕೆ ನಮ್ಮ ವಿರೋಧವಿಲ್ಲ. ಶಾಸನದ ಸಾರಾಂಶವನ್ನು ಲೇಖನದಲ್ಲಿ ಕೊಡುತ್ತೇವೆ. ಆದರೆ ಶಾಸನದ ಪಾಠ ಬೇರೆಡೆಯಲ್ಲಿ ಅಚ್ಚಾಗಿರುತ್ತದೆ, ಕಲ್ಲು ಊರಿನಲ್ಲಿ ನಿಂತಿರುತ್ತದೆ. ಹಾಗೆಯೇ ಮೂಲಮುದ್ರಣ ವಿಭಾಗದಲ್ಲಿ ಉಳಿದಿರಬೇಕು. ಉಲ್ಲೇಖಿಸಿದ ಉತ್ತರದೊಡನೆ ಅದರ ಪ್ರಶ್ನೆಯನ್ನೂ, ಅದು ಮುದ್ರಣದ ಎಷ್ಟನೆಯ ನಿಮಿಷದಲ್ಲಿದೆ ಎಂಬುದನ್ನೂ ಕೊಡಬೇಕು. ಇದಕ್ಕೆ ತಗಲುವ ವೆಚ್ಚ ಅಲ್ಪ. ಧ್ವನಿಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಒಪ್ಪುವ ೪೮ ಕಿಲೋಹರ್ಟ್ಸ್, ೨೪ ಬಿಟ್ ಪ್ರಮಾಣದಲ್ಲಿ, ಸಂಕುಚಿತಗೊಳಿಸದೆ, ಒಂದೇ ವಾಹಿನಿಯಲ್ಲಿ ಮುದ್ರಿಸಿದರೆ ಗಂಟೆಯೊಂದಕ್ಕೆ ಸುಮಾರು ೫೧೮ ಮೆಗಾಬೈಟ್ ಸ್ಥಳ ಸಾಕು. ಎರಡು ಬೇರೆ ಸ್ಥಳಗಳಲ್ಲಿ ಎರಡು ಪ್ರತಿಗಳನ್ನಿಡುವುದು ಯಾವ ವಿಭಾಗಕ್ಕೂ ಭಾರವಲ್ಲ.

ಮತ್ತೊಂದು ತೊಡಕು ಇದಕ್ಕಿಂತ ಗಂಭೀರವಾದುದು. ರಾಷ್ಟ್ರೀಯ ಉದ್ಯಾನದ ಎಲ್ಲೆಯೊಳಗೆ ಇಂದಿಗೂ ಹಾಡಿಗಳಿವೆ. ಮಲೆಕುಡಿಯರು, ಗೌಡಲು ಮೊದಲಾದ ಜನ ಅಲ್ಲಿ ಬಾಳುತ್ತಿದ್ದಾರೆ. ಅವರ ಅಂಗಳಕ್ಕೆ ಬಂದು ಪ್ರಶ್ನೆ ಕೇಳಿದವರು ಇತಿಹಾಸಕಾರರಿಗಿಂತ ಮೊದಲು ಅರಣ್ಯದವರು, ಮೋಜಣಿಯವರು, ಪುನರ್ವಸತಿಯ ಪಟ್ಟಿ ಮಾಡುವವರು. ೨೦೦೩ರ ನವೆಂಬರ್‌ನಲ್ಲಿ ಘಟ್ಟದ ಕೆಳಗಿನ ಈದುವಿನಲ್ಲಿ ನಡೆದ ಗುಂಡಿನ ಕಾಳಗದ ತರುವಾಯ ನಕ್ಸಲೀಯರ ಶೋಧಕ್ಕಾಗಿ ಪೊಲೀಸರೂ ಬಂದರು. ಇಂಥಲ್ಲಿ ಪ್ರಶ್ನೆಯೆಂಬುದು ವಿಚಾರಣೆ, ಯಂತ್ರವೆಂಬುದು ಸಾಕ್ಷಿ. ಅವರ ಉತ್ತರ ಮೊಟಕಾಗಿದ್ದರೆ ಅದನ್ನು ಅಜ್ಞಾನವೆಂದಾಗಲಿ ಮರೆವೆಂದಾಗಲಿ ಬರೆಯುವುದು ಅನ್ಯಾಯ. ಮೊದಲು ಬಂದವರ ಪ್ರಶ್ನೆಗಳೂ ಆ ಉತ್ತರದಲ್ಲಿ ಸೇರಿವೆ.

ಅಂಥದೊಂದು ಮನೆಯಲ್ಲಿ ಹಿರಿಯರೊಬ್ಬರು ನಮ್ಮ ಯಂತ್ರವನ್ನು ನೋಡಿ, “ಇದನ್ನು ಯಾರಿಗೆ ಕೊಡ್ತೀರಿ ಮೇಷ್ಟ್ರೇ?” ಎಂದು ಕೇಳಿದರು. ಕಾಲೇಜಿನ ಕಪಾಟಿನಲ್ಲಿರುತ್ತದೆ ಎಂದೆವು. “ಬೀಗದ ಕೈ ಯಾರ ಹತ್ರ?” ಎಂದರು. ಅದುವರೆಗೆ ಆ ಪ್ರಶ್ನೆಯನ್ನು ನಮಗೆ ಯಾವ ಪಂಡಿತರೂ ಕೇಳಿರಲಿಲ್ಲ. ಅವರು ಯಂತ್ರವನ್ನು ನಿಲ್ಲಿಸಲು ಹೇಳಿ, ತಮ್ಮ ಜಮೀನಿನ ಬಗೆಗೆ ಕಾಲು ಗಂಟೆ ಮಾತನಾಡಿದರು. ಆ ಮಾತು ನಮ್ಮ ವಾದಕ್ಕೆ ಬಹಳ ಉಪಯುಕ್ತವಾದುದು. ಆದರೂ ಅದನ್ನು ಇಲ್ಲಿ ಬರೆಯುವುದಿಲ್ಲ. ಮುದ್ರಣದಲ್ಲಿ ಅವರ “ನಿಲ್ಲಿಸಿ” ಎಂಬ ಮಾತಿದೆ. ಅದರ ಮುಂದೆ ಏನೂ ಇಲ್ಲ. ಆ ಏನೂ ಇಲ್ಲದಿರುವಿಕೆಯನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.

೭

ಮೇಲಿನ ವಿವೇಚನೆಯಿಂದ ಕೆಲವು ನಿಯಮಗಳು ತಾವಾಗಿ ಹೊರಡುತ್ತವೆ. ಸಂದರ್ಶನದ ಸ್ಥಳ, ದಿನ, ಹತ್ತಿರವಿದ್ದವರು, ಆಡಿದ ಭಾಷೆಗಳು ಇವುಗಳನ್ನು ಅನುಬಂಧದಲ್ಲಿ ತಪ್ಪದೆ ಕಾಣಿಸಬೇಕು. ಉತ್ತರವನ್ನು ಉಲ್ಲೇಖಿಸಿದಲ್ಲೆಲ್ಲ ಪ್ರಶ್ನೆಯನ್ನೂ ಉಲ್ಲೇಖಿಸಬೇಕು. ಒಂದೇ ಭೇಟಿಯಿಂದ ತೃಪ್ತರಾಗದೆ, ಬರಹವನ್ನು ಹೇಳಿದವರಿಗೆ ಓದಿಹೇಳಿ, ಅವರು ಬೇಡವೆಂದುದನ್ನು ಬಿಡಬೇಕು. ಮೂಲಮುದ್ರಣವನ್ನು ಅಳಿಸಕೂಡದು, ಕಪಾಟಿನ ಬೀಗದ ಕೈ ಯಾರ ಬಳಿ ಇರುವುದೆಂಬುದನ್ನು ಮೊದಲೇ ಹೇಳಬೇಕು. ಪ್ರೌಢಪ್ರಬಂಧದ ಪರೀಕ್ಷಕರು, ಕನಿಷ್ಠಪಕ್ಷ ಒಂದು ಮುದ್ರಣವನ್ನಾದರೂ ತಾವೇ ಕಿವಿಯಿಂದ ಆಲಿಸಿ ಬರಹದೊಡನೆ ತಾಳೆನೋಡುವುದು ಒಳ್ಳೆಯದು.

ನ್ಯಾಯದರ್ಶನದಲ್ಲಿ ಪ್ರತ್ಯಕ್ಷ, ಅನುಮಾನ, ಉಪಮಾನಗಳೊಡನೆ ಶಬ್ದಕ್ಕೂ ಪ್ರಮಾಣದ ಪದವಿಯುಂಟು. ಆದರೆ ಅದು ಆಪ್ತನ ಶಬ್ದವಾಗಿರಬೇಕೆಂಬ ನಿಬಂಧನೆಯೂ ಉಂಟು. ಹೇಳುವವರು ಆಪ್ತರೆ ಎಂದು ನಾವು ಇದುವರೆಗೆ ಪರೀಕ್ಷಿಸುತ್ತ ಬಂದಿದ್ದೇವೆ. ಕುದುರೆಮುಖ ಸೀಮೆಯ ಈ ಕೆಲವು ಸಂದರ್ಶನಗಳಲ್ಲಿ ಪರೀಕ್ಷೆಯಲ್ಲಿ ಸೋತವರು ಹೇಳಿದವರಲ್ಲ. ಆ ವೃದ್ಧೆ ಎರಡನೆಯ ಸಲ ನಮ್ಮನ್ನು ಬೀಳ್ಕೊಡುವಾಗ, “ಮೊದಲ ಸರ್ತಿ ನೀವೇ ಎಲ್ಲ ಹೇಳಿದ್ರಲ್ಲ ಮೇಷ್ಟ್ರೇ, ನಾನೆಂತ ಹೇಳುದು ಅಂತ ಸುಮ್ಮನಿದ್ದೆ” ಎಂದರು. ಆ ಮಾತೂ ಮುದ್ರಣದಲ್ಲಿದೆ. ನಮ್ಮ ವಿದ್ಯಾರ್ಥಿಗಳಿಗೆ ಸಂದರ್ಶನದ ಪಾಠವನ್ನು ಆರಂಭಿಸುವಾಗ ಈಗ ಮೊದಲು ಕೇಳಿಸುವುದು ಅದನ್ನೇ.